ಆಲಿಸುವುದೂ ದಾಸೋಹವೇ: ಸಂಕಟದ ಹೊತ್ತಿನ ಸಹಾಯವಾಣಿ

ಕೆಲವು ವರ್ಷಗಳ ಹಿಂದಿನ ಮಾತು. ನವಲಗುಂದ ತಾಲೂಕಿನ ಒಂದು ಗ್ರಾಮದ ಮಠದಲ್ಲಿ ಶ್ರಾವಣ ಮಾಸದ ಪ್ರವಚನಕ್ಕಾಗಿ ನಾನು ತಂಗಿದ್ದೆನು. ಆ ವರ್ಷ ಎರೆ ಹೊಲಗಳಲ್ಲಿ ಹೆಸರಿನ ಬೆಳೆ ಕಣ್ಣೆದುರಿಗೇ ಒಣಗಿಹೋಗಿತ್ತು. ಒಂದು ಸಂಜೆ ಪ್ರವಚನ ಮುಗಿದು ಎಲ್ಲರೂ ಮನೆಗೆ ತೆರಳಿದ ಬಳಿಕವೂ ನಡುವಯಸ್ಸಿನ ರೈತನೊಬ್ಬನು ಕಂಬಕ್ಕೆ ಒರಗಿ ಕುಳಿತೇ ಇದ್ದನು. “ಅಜ್ಜಾರ, ಮನಸಿಗೆ ಸಮಾಧಾನನ ಇಲ್ಲರಿ” ಎಂದನು. ನಾನು ಅವನಿಗೆ ಸಂಸಾರದ ಅನಿತ್ಯತೆಯನ್ನು ಕುರಿತು ಅರ್ಧ ಗಂಟೆ ಉಪದೇಶ ಮಾಡಿದೆನು. ಅವನು ತಲೆಬಾಗಿ ಕೇಳಿ, ವಿಭೂತಿ ಪಡೆದು ಹೊರಟುಹೋದನು. ಮೂರನೆಯ ದಿನ ಅವನು ಇರಲಿಲ್ಲ. ಅವನ ತಾಯಿ ನನ್ನನ್ನು ಕೇಳಿದುದು ಒಂದೇ ಮಾತು: “ಮಠಕ್ಕ ಬಂದಿದ್ನಂತಲ್ಲರಿ, ಏನ್ ಹೇಳಿದ್ನರಿ?” ನನ್ನಲ್ಲಿ ಉತ್ತರವಿರಲಿಲ್ಲ. ಅವನು ಹೇಳಲು ಬಂದಿದ್ದನು. ಹೇಳಿದವನು ಮಾತ್ರ ನಾನು.

ಅಂದಿನಿಂದ ಈ ವಿಷಯವು ನನ್ನನ್ನು ಬಿಟ್ಟಿಲ್ಲ. ತಾನು ಕೇಳಿ ತಿಳಿದುದನ್ನು ಸದ್ಭಕ್ತರ ಮನೆಗಳಿಗೆ ತಲುಪಿಸುವುದು ನನ್ನ ಪಾಲಿನ ಋಣವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ಚಾಡ್ ವಾರಾ ಎಂಬ ಪಾದ್ರಿಯೊಬ್ಬರಿದ್ದರು. 1935ರಲ್ಲಿ ಅವರು ನೆರವೇರಿಸಿದ ಮೊದಲ ಅಂತ್ಯಸಂಸ್ಕಾರವು 14 ವರ್ಷದ ಬಾಲಕಿಯದಾಗಿತ್ತು. ತಾನು ಋತುಮತಿಯಾದುದನ್ನೇ ಘೋರ ರೋಗವೆಂದು ತಿಳಿದು, ಕೇಳಲು ಯಾರೂ ಇಲ್ಲದೆ ಆ ಮಗು ಪ್ರಾಣ ಬಿಟ್ಟಿತ್ತು. ಆ ನೋವನ್ನು ಮರೆಯದ ವಾರಾ ಅವರು 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿಯೇ ಒಂದು ದೂರವಾಣಿಯನ್ನು ಇರಿಸಿ, ಬದುಕು ಬೇಡವೆನಿಸಿದವರು ಕರೆ ಮಾಡಬಹುದೆಂದು ಸಾರಿದರು. ಜನರು ಬಂದರು. ಪಾದ್ರಿಗಳ ಭೇಟಿಗಾಗಿ ಕಾಯುತ್ತ ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು, ಜೊತೆಗೆ ಕುಳಿತು ಅವರ ಮಾತು ಕೇಳುತ್ತಿದ್ದರು. ಹಾಗೆ ಮಾತನಾಡಿದ ಎಷ್ಟೋ ಮಂದಿ ಪಾದ್ರಿಗಳನ್ನು ಕಾಣದೆಯೇ ಹಗುರಾಗಿ ಹೋಗುತ್ತಿದ್ದರು. ಉಪದೇಶಕ್ಕಿಂತ ಆಲಿಸುವಿಕೆಯೇ ಹೆಚ್ಚಿನ ಔಷಧವೆಂದು ಅರಿತ ವಾರಾ ಅವರು ಮರುವರ್ಷವೇ ಆ ಕಾರ್ಯವನ್ನು ಸ್ವಯಂಸೇವಕರಿಗೆ ಒಪ್ಪಿಸಿದರು. ‘ಸಮಾರಿಟನ್ಸ್’ ಎಂಬ ಸಂಸ್ಥೆ ಬೆಳೆದುದು ಹೀಗೆ. ಧರ್ಮಪೀಠದಲ್ಲಿ ಕುಳಿತವನೊಬ್ಬನು ತನ್ನ ಮಾತಿನ ಮಿತಿಯನ್ನು ಅರಿತುಕೊಂಡ ಈ ಕಥೆ ನಮ್ಮಂಥವರಿಗೆ ಒಂದು ಪಾಠವಲ್ಲವೇ?

ನಮ್ಮ ನಾಡಿಗೂ ಈ ಸೇವೆ ಹೊಸದಲ್ಲ. 1986ರಲ್ಲಿ ಚೆನ್ನೈಯಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅವರು ‘ಸ್ನೇಹಾ’ ಸಂಸ್ಥೆಯನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ 2002ರಲ್ಲಿ ನಿಮ್ಹಾನ್ಸ್‌ನ ಸಹಯೋಗದಿಂದ ‘ಸಹಾಯ್’ ಆರಂಭವಾಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರವು ‘ಟೆಲಿ ಮಾನಸ್’ ಎಂಬ ಸೇವೆಯನ್ನು ದೇಶವ್ಯಾಪಿಯಾಗಿ ಆರಂಭಿಸಿತು. ಅದರ ಸಂಖ್ಯೆ 14416. ಹಗಲಿರುಳು ತೆರೆದಿರುವ ಈ ಸೇವೆಗೆ ಶುಲ್ಕವಿಲ್ಲ. ಕರೆ ಮಾಡಿದವರು ಮೊದಲು ಭಾಷೆಯನ್ನು ಆರಿಸಿಕೊಳ್ಳಬೇಕು, ಕನ್ನಡವೂ ಅದರಲ್ಲಿದೆ. ತರಬೇತಿ ಪಡೆದ ಆಪ್ತಸಮಾಲೋಚಕರು ಮೊದಲು ಮಾತು ಕೇಳುತ್ತಾರೆ. ಅಗತ್ಯವೆನಿಸಿದರೆ ಮನೋವೈದ್ಯರಿಗೆ ಸಂಪರ್ಕ ಕಲ್ಪಿಸುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ನಮ್ಮ ಭಾಗದವರಿಗೆ ಧಾರವಾಡದಲ್ಲಿಯೇ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಹಳೆಯ ತಲೆಮಾರಿನವರು ಅದನ್ನು ‘ಹುಚ್ಚಾಸ್ಪತ್ರೆ’ ಎಂದು ಕರೆದು ಮುಖ ತಿರುಗಿಸುತ್ತಿದ್ದರು. ಜ್ವರ ಬಂದವನು ವೈದ್ಯರಲ್ಲಿಗೆ ಹೋಗುವುದರಲ್ಲಿ ಇಲ್ಲದ ನಾಚಿಕೆ ಮನಸ್ಸು ನೊಂದವನಿಗೆ ಏಕಿರಬೇಕು?

ಆತ್ಮಹತ್ಯೆ ಎಂದೊಡನೆ ಸಾಲವೇ ಕಾರಣವೆಂದು ನಾವು ನಿರ್ಧರಿಸಿಬಿಡುತ್ತೇವೆ. ಸಾಲದ ಹೊರೆ ಸುಳ್ಳಲ್ಲ. ಮಳೆ ಕೈಕೊಟ್ಟರೆ ನವಲಗುಂದ, ಅಣ್ಣಿಗೇರಿಗಳ ಕಡಲೆ, ಹೆಸರು ಹೋಗುತ್ತವೆ. ಹೆಚ್ಚಾದರೆ ಬೆಣ್ಣಿಹಳ್ಳ ಉಕ್ಕಿ ಹೊಲಗಳನ್ನು ನುಂಗುತ್ತದೆ. ಕುಂದಗೋಳದ ಮೆಣಸಿನಕಾಯಿಗೆ, ಕಲಘಟಗಿಯ ಗೋವಿನಜೋಳಕ್ಕೆ ಬೆಲೆ ಸಿಗದ ವರ್ಷಗಳೂ ಇವೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಅಂಕಿಗಳನ್ನು ನೋಡಿರಿ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮರಣ ಹೊಂದಿದರು. ಅವರಲ್ಲಿ ಕೃಷಿಯನ್ನು ಅವಲಂಬಿಸಿದವರು 11,290 ಮಂದಿ. ಒಟ್ಟು ಮರಣಗಳಲ್ಲಿ ಮೊದಲನೆಯ ಕಾರಣವಾಗಿ ದಾಖಲಾದುದು ಕೌಟುಂಬಿಕ ಸಮಸ್ಯೆ, ಎರಡನೆಯದು ಅನಾರೋಗ್ಯ. ಎಂದರೆ ಈ ಸಂಕಟವು ಹೊಲದಲ್ಲಿ ಮಾತ್ರವಲ್ಲ, ನಮ್ಮ ಪಡಸಾಲೆಯಲ್ಲಿಯೂ ಅಡುಗೆಮನೆಯಲ್ಲಿಯೂ ಕುಳಿತಿದೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗ, ಅತ್ತೆಯ ಮನೆಯಲ್ಲಿ ಯಾರೊಡನೆಯೂ ಬಾಯಿ ಬಿಡಲಾರದ ಸೊಸೆ, ದೀರ್ಘ ಕಾಯಿಲೆಯಿಂದ ತಾನೊಂದು ಭಾರವೆಂದುಕೊಂಡ ಮುತ್ತ್ಯಾ, ಇವರೆಲ್ಲರೂ ನಮ್ಮ ಲಕ್ಷ್ಯಕ್ಕೆ ಬರಬೇಕಾದವರು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ನಿವಾರಿಸಬೇಕಾಗಿದೆ. “ಸಾಯುವ ವಿಚಾರ ಬರುತ್ತಿದೆಯೇ?” ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂದು ಅನೇಕರು ಅಂಜುತ್ತಾರೆ. ಹಾಗಿಲ್ಲವೆಂದು ತಜ್ಞರು ಸ್ಪಷ್ಟವಾಗಿ ಹೇಳುತ್ತಾರೆ. ಪ್ರೀತಿಯಿಂದ ನೇರವಾಗಿ ಕೇಳಿದಾಗ ನೊಂದವರಿಗೆ ಬಾಯಿ ಬಿಡುವ ಧೈರ್ಯ ಬರುತ್ತದೆ. ಸಾಯಬೇಕೆಂಬ ತೀವ್ರ ಆವೇಗವು ಸಾಮಾನ್ಯವಾಗಿ ಸದಾಕಾಲ ಉಳಿಯುವುದಲ್ಲ. ಆ ಗಳಿಗೆಯನ್ನು ಯಾರಾದರೂ ಜೊತೆಗಿದ್ದು ದಾಟಿಸಬೇಕು. ಸಹಾಯವಾಣಿಯ ಕೆಲಸವೇ ಅದು. ಎರಡನೆಯದು ಪೊಲೀಸರ ಅಂಜಿಕೆ. ಆತ್ಮಹತ್ಯೆಗೆ ಯತ್ನಿಸಿ ಉಳಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೆಯ ಕಲಮಿನ ಬಿಗಿಯನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ಸಡಿಲಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಆದುದರಿಂದ ಅಂಜಿ ಮುಚ್ಚಿಡದೆ ಚಿಕಿತ್ಸೆ ಕೊಡಿಸಬೇಕು.

ದೂರವಾಣಿ ಒಂದೇ ಎಲ್ಲವನ್ನೂ ಮಾಡಲಾರದೆಂಬುದೂ ನಿಜ. ಅದು ಸಾಲ ತೀರಿಸುವುದಿಲ್ಲ, ಮಳೆ ತರಿಸುವುದಿಲ್ಲ. ಅಷ್ಟೇ ಅಲ್ಲ, ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದೇ ಮೊಬೈಲ್ ಇರುತ್ತದೆ, ಅದೂ ಗಂಡಸರ ಕಿಸೆಯಲ್ಲಿ. ಮನೆಮಂದಿಯೆಲ್ಲ ಕೇಳುವಂತೆ ಕುಳಿತು ಸೊಸೆಯಾದವಳು ತನ್ನ ಅಳಲನ್ನು ಹೇಳುವುದೆಂತು? ಇಲ್ಲಿ ನಮ್ಮ ಮಠಗಳ, ಅಕ್ಕನ ಬಳಗಗಳ ಪಾತ್ರವಿದೆ. ಮಠದ ಒಂದು ಕೋಣೆಯನ್ನು, ಒಂದು ದೂರವಾಣಿಯನ್ನು ಇಂಥವರಿಗಾಗಿ ಮೀಸಲಿಡಬಹುದು. ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು. ದಾಸೋಹದ ಪಂಕ್ತಿಯ ಗೋಡೆಯ ಮೇಲೆ 14416 ಎಂದು ದೊಡ್ಡದಾಗಿ ಬರೆಯಿಸಬಹುದು.

ಹೊಲದ ಔಷಧಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಸ್ನೇಹಾ’ದವರು ಕ್ರಿಮಿನಾಶಕಗಳನ್ನು ಮನೆಯಲ್ಲಿಡದೆ ಊರಿನ ಒಂದೇ ಕಟ್ಟಡದಲ್ಲಿ ಬೀಗ ಹಾಕಿದ ಪೆಟ್ಟಿಗೆಗಳಲ್ಲಿ ಇರಿಸುವ ಪ್ರಯೋಗ ಮಾಡಿದರು. ರೈತರು ಅದನ್ನು ಮನಃಪೂರ್ವಕವಾಗಿ ಒಪ್ಪಿಕೊಂಡರು. ನಮ್ಮ ಸಹಕಾರ ಸಂಘಗಳಿಗೆ ಇದು ಕಷ್ಟವೇ? ಕನಿಷ್ಠ ಪಕ್ಷ ಮನೆಯಲ್ಲಿ ಬೀಗದೊಳಗೆ ಇರಿಸಿ, ಕೀಲಿಯನ್ನು ಮತ್ತೊಬ್ಬರ ಕೈಯಲ್ಲಿ ಇಡಬಹುದಲ್ಲ!

ಕಳೆದ ವರ್ಷ ಕುಂದಗೋಳ ಸೀಮೆಯ ಒಬ್ಬ ತರುಣನು ನನ್ನೆದುರು ಅದೇ ರೀತಿ ಮೌನವಾಗಿ ಕುಳಿತನು. ಈ ಸಲ ನಾನು ಉಪದೇಶ ಮಾಡಲಿಲ್ಲ. “ತಮ್ಮಾ, ಸಾಯೂ ವಿಚಾರ ಬರಾಕತ್ತದೇನು?” ಎಂದು ಕೇಳಿದೆನು. ಅವನು ಬಹಳ ಹೊತ್ತು ಅತ್ತನು. ಬಳಿಕ ನಾನೇ 14416ಕ್ಕೆ ಕರೆ ಮಾಡಿ ಅವನ ಕೈಗೆ ಕೊಟ್ಟು, ಬಾಗಿಲ ಹೊರಗೆ ಕುಳಿತೆನು. ಅವನು ಮಾತಾಡಿ ಮುಗಿಸುವ ಹೊತ್ತಿಗೆ ಅವನ ಅಣ್ಣನನ್ನು ಕರೆಸಿದ್ದೆನು. ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡಲಿಲ್ಲ. ಮರುದಿನ ಅಣ್ಣನೊಡನೆ ಧಾರವಾಡಕ್ಕೆ ಹೋದನು. ಈಗಲೂ ಚಿಕಿತ್ಸೆ ನಡೆದಿದೆ, ಹೊಲಕ್ಕೂ ಹೋಗುತ್ತಿದ್ದಾನೆ.

ಶರಣರು ಕಾಯಕ ಮತ್ತು ದಾಸೋಹಗಳನ್ನು ನಮಗೆ ಕೊಟ್ಟರು. ಹಸಿದವರಿಗೆ ಅನ್ನ ನೀಡುವುದರಲ್ಲಿ ನಮ್ಮ ಸಮಾಜವು ಹಿಂದೆ ಬಿದ್ದಿಲ್ಲ. ನೊಂದವರಿಗೆ ಕಿವಿ ನೀಡುವುದೂ ದಾಸೋಹವೇ ಎಂದು ಬಗೆಯೋಣ. ಇದನ್ನು ಓದುತ್ತಿರುವವರಲ್ಲಿಯೇ ಯಾರಿಗಾದರೂ ಬದುಕು ಭಾರವೆನಿಸಿದ್ದರೆ, ಈ ಇರುಳು ಕಳೆಯುವ ಮೊದಲೇ ಹತ್ತಿರದವರೊಬ್ಬರಿಗೆ ಹೇಳಿರಿ, ಇಲ್ಲವೇ 14416ಕ್ಕೆ ಕರೆ ಮಾಡಿರಿ. ಪ್ರಾಣಕ್ಕೆ ಆಗಲೇ ಅಪಾಯವಿದ್ದರೆ 108 ಅಥವಾ 112ಕ್ಕೆ ಕರೆ ಮಾಡಲು ತಡಮಾಡಬೇಡಿರಿ.

ಆ ತಾಯಿಯ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಅಂಥ ಪ್ರಶ್ನೆ ನಿಮಗೆ ಎದುರಾಗದಿರಲಿ. ಶರಣು ಶರಣಾರ್ಥಿ.