ಹನ್ನೊಂದರಿಂದ ಶುರುವಾದ ಎಣಿಕೆ

ಹಳೆಯ ‘ಅಮರ ಚಿತ್ರ ಕಥೆ’ಗಳನ್ನು ಕೂಡಿಟ್ಟವರನ್ನು ಕೆಣಕಲು ಒಂದೇ ಪ್ರಶ್ನೆ ಸಾಕು: ಇಂಗ್ಲಿಷ್ ಮಾಲಿಕೆಯಲ್ಲಿ ಮೊದಲು ಬಂದ ‘ಕೃಷ್ಣ’ನಿಗೆ 11ನೇ ನಂಬರು ಯಾಕೆ? ಒಂದರಿಂದ ಹತ್ತು ಎಲ್ಲಿ ಹೋದವು?

ಎಲ್ಲಿಗೂ ಹೋಗಿಲ್ಲ, ಕನ್ನಡದಲ್ಲಿ ಬಂದಿದ್ದವು. 1965ರಲ್ಲಿ ಪ್ರಕಾಶನ ಸಂಸ್ಥೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರಿಗೆ ಕನ್ನಡದ ಮಕ್ಕಳಿಗೆ ಚಿತ್ರಕಥೆ ಕೊಡಬೇಕೆನಿಸಿತು. ಮುಂಬೈಯ ಯಜಮಾನರಾದ ಜಿ.ಎಲ್. ಮೀರ್‌ಚಂದಾನಿ ಒಪ್ಪಿದರು. ಹಾಗೆ ಹೊರಬಂದ ಹತ್ತು ಪುಸ್ತಕಗಳಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಇದ್ದವರು ಸಿಂಡರೆಲಾ, ಅಲ್ಲಾವುದ್ದೀನ್, ಪಿನೋಕಿಯೊ. ಇಡೀ ದೇಶಕ್ಕೆ ಪುರಾಣ ಕಲಿಸಿತು ಎಂಬ ಹೆಸರು ಹೊತ್ತ ಮಾಲಿಕೆ ಶುರುವಾದದ್ದು ಕನ್ನಡ ಮಾತಾಡುವ ಸಿಂಡರೆಲಾಳಂಥವರಿಂದ! ಆ ಪುಸ್ತಕಗಳು ಚೆನ್ನಾಗಿ ಖರ್ಚಾದವು. ಅದನ್ನು ಕಂಡೇ ಮುಂಬೈಯವರಿಗೆ ಇಂಗ್ಲಿಷಿನಲ್ಲೂ ತರುವ ಹುಮ್ಮಸ್ಸು ಬಂತು, ಈ ಮಾಲಿಕೆಯ ಜನಕರೆಂದೇ ಹೆಸರಾದ ಅನಂತ ಪೈ ಬಂದದ್ದು ಆಮೇಲೆ ಎಂಬುದು ಅನಂತರಾಮ್ ಅವರ ಮಾತು.

ಕಾರ್ಕಳದವರು ಮುನಿಸಿಕೊಳ್ಳಬಾರದು. ಪೈ ಕಾರ್ಕಳದವರೇ, ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷದ ಕೂಸಾಗಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಹನ್ನೆರಡರ ವಯಸ್ಸಿಗೆ, ಕರಾವಳಿಯ ಎಷ್ಟೋ ಹುಡುಗರಂತೆ, ಮುಂಬೈ ಸೇರಿದರು. ಹೊಟೇಲು ಕೆಲಸಕ್ಕಲ್ಲ, ಶಾಲೆಗೆ. ಓದಿದ್ದು ಕೆಮಿಕಲ್ ಟೆಕ್ನಾಲಜಿ, ಹುಚ್ಚು ಹಿಡಿದದ್ದು ಮಕ್ಕಳ ಪತ್ರಿಕೆಯದು. 1954ರಲ್ಲಿ ‘ಮಾನವ’ ಎಂಬ ಪತ್ರಿಕೆ ತಂದು ಕೈಸುಟ್ಟುಕೊಂಡರು. ಮುಂದೆ ಟೈಮ್ಸ್ ಆಫ್ ಇಂಡಿಯಾದಲ್ಲಿದ್ದಾಗ, 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್‌ನ ಸಹವಾಸ.

1967ರ ಫೆಬ್ರುವರಿಯಲ್ಲಿ ದೆಹಲಿಯ ಅಂಗಡಿಯೊಂದರ ಟಿ.ವಿ.ಯಲ್ಲಿ ಕ್ವಿಜ್ ನೋಡಿದರಂತೆ. ಗ್ರೀಕ್ ದೇವರುಗಳ ಬಗ್ಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಿರಲಿಲ್ಲ. ಅಲ್ಲಿಂದಲೇ ಅಮರ ಚಿತ್ರ ಕಥೆ ಹುಟ್ಟಿತು ಎಂದು ಎಲ್ಲರೂ ಬರೆಯುತ್ತಾರೆ. ಕಥೆ ಚೆನ್ನಾಗಿದೆ, ಹೇಳುವುದಕ್ಕೂ ಸುಲಭ. ಆದರೆ ಅದಕ್ಕೆ ಎರಡು ವರ್ಷ ಮೊದಲೇ ಬೆಂಗಳೂರಿನಲ್ಲಿ ನಡೆದದ್ದನ್ನು ಅದು ನುಂಗಿಬಿಟ್ಟಿದೆ. ಇಂಗ್ಲಿಷಿನವರು ಬಿಡಲಿ, ನಮ್ಮವರೂ ಅದನ್ನೇ ಒಪ್ಪಿಸುವಾಗ ಸಿಟ್ಟು ಬರುತ್ತದೆ.

ಪೈಯವರ ದೊಡ್ಡತನಕ್ಕೆ ಆ ಮೊದಲ ಹತ್ತರ ಹಂಗು ಬೇಕಿಲ್ಲ. ರಾಮ್ ವಾಯಿರ್ಕರ್ ಬರೆದ ಚಿತ್ರಗಳೊಡನೆ ‘ಕೃಷ್ಣ’ ಬಂದ ಮೇಲೆ ಪುಸ್ತಕಗಳು ನೂರುಗಟ್ಟಲೆ ಬೆಳೆದವು. ದೇವರೆಲ್ಲ ಬೆಳ್ಳಗೆ, ರಕ್ಕಸರೆಲ್ಲ ಕಪ್ಪಗೆ ಎಂಬ ಆಕ್ಷೇಪವೂ ಜೊತೆಗೇ ಬೆಳೆಯಿತು, ಅದು ಸುಳ್ಳಲ್ಲ.

ನನಗೆ ಪೈ ಹೆಚ್ಚು ಹತ್ತಿರವಾಗುವುದು 1980ರಲ್ಲಿ ಶುರುವಾದ ಮಕ್ಕಳ ಪತ್ರಿಕೆ ‘ಟಿಂಕಲ್’ನಿಂದ. ಪುರಾಣದ ಭಾರ ಇಳಿಸಿ ನಕ್ಕದ್ದು ಅಲ್ಲಿ. ಧಣಿಯ ಮಾತನ್ನು ಅಕ್ಷರಶಃ ಪಾಲಿಸಿಯೇ ಕೆಲಸ ಕೆಡಿಸುವ ಸುಪ್ಪಂಡಿ ಮುಂಬೈ ಕಚೇರಿಯಲ್ಲಿ ಹುಟ್ಟಿದವನಲ್ಲ; ತಿರುಚಿಯ ಓದುಗರೊಬ್ಬರು ಕಳಿಸಿದ ಕಥೆಗಳಿಂದ 1983ರಲ್ಲಿ ಎದ್ದು ಬಂದ. ಅವನಿಗೆ ಆ ವಿಚಿತ್ರ ತಲೆ ಕೊಟ್ಟವರು ವಾಯಿರ್ಕರ್. ಅವರ ನಂತರ ಮಗಳು ಅರ್ಚನಾ ಅಂಬೇರ್ಕರ್ ಅವನನ್ನು ಮುಂದುವರಿಸಿದರು. ಅಪ್ಪನ ಪೆದ್ದ ಮಗಳ ಪಾಲಿಗೆ ಬಂದ! ಶಿಕಾರಿ ಶಂಭು ಬಂದದ್ದೂ ಅದೇ ವರ್ಷ. ಬೇಟೆಗಾರನೆಂಬ ಬಿರುದು, ಹುಲಿ ಕಂಡರೆ ನಡುಕ, ಕೊನೆಗೆ ಅದೃಷ್ಟದಿಂದ ಗೆಲುವು. ಚಿತ್ರಕಾರ ವಸಂತ ಹಲ್ಬೆ ಅವನ ಕಣ್ಣನ್ನು ಟೋಪಿಯೊಳಗೆ ಮುಚ್ಚಿಟ್ಟರು. ಚಿತ್ರ ಕೊಡುವ ಗಡಿಬಿಡಿಯಲ್ಲಿ ಕಣ್ಣು ಬರೆಯಲು ಪುರಸೊತ್ತಾಗಲಿಲ್ಲ, ಹಾಗೇ ಉಳಿಯಿತು ಎಂದು ಹೇಳುವುದುಂಟು. ನಂಬಲು ನನಗೇನೂ ಅಡ್ಡಿಯಿಲ್ಲ.

2011ರ ಫೆಬ್ರುವರಿಯಲ್ಲಿ ದೆಹಲಿಯ ಕಾಮಿಕ್ ಕಾನ್‌ನಲ್ಲಿ ಪೈಯವರಿಗೆ ಜೀವಮಾನ ಸಾಧನೆಯ ಗೌರವ ಸಂದಿತು. ಅದಾಗಿ ವಾರ ತುಂಬುವ ಮೊದಲೇ, 24ರಂದು, ಮುಂಬೈಯಲ್ಲಿ ತೀರಿಕೊಂಡರು. ಆ ವರ್ಷದ ಅವರ ಹುಟ್ಟುಹಬ್ಬಕ್ಕೆ ಗೂಗಲ್ ಕೂಡ ಡೂಡಲ್ ಹಾಕಿ ನೆನೆಯಿತು. ಕನ್ನಡದ ಆ ಹತ್ತು ಪುಸ್ತಕಗಳನ್ನು ನೆನೆಯುವವರು ಮಾತ್ರ ಕಡಿಮೆ.

ಕರಾವಳಿಯ ಮಳೆಗಾಲಕ್ಕೆ ಹಳೆ ಕಾಗದ ಬಾಳುವುದು ಕಷ್ಟ. ಆದರೂ ಕಾರ್ಕಳ, ಕಾಪು, ಉಡುಪಿ, ಮಣಿಪಾಲ ಕಡೆಯ ಯಾರದಾದರೂ ಹಳೆ ಮನೆಯ ಅಟ್ಟದಲ್ಲಿ ಕನ್ನಡದ ಸಿಂಡರೆಲಾಳೋ ಪಿನೋಕಿಯೊನೋ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೆ ಕೊಡಿ.