ತೂಗಿದರೆ ಅವಧಿಪೂರ್ವ ಶಿಶುವಿನ ಉಸಿರಾಟ ಸರಿಹೋಗುತ್ತದೆಯೇ?

"ಎನ್‌ಐಸಿಯುನಲ್ಲಿರುವ ಮಗುವನ್ನು ಮೆಲ್ಲಗೆ ತೂಗಿದರೆ ಉಸಿರಾಟ ತಾನಾಗಿಯೇ ಸರಿಹೋಗುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ? ನೋಡೋಣ.

37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುಗಳಲ್ಲಿ ಉಸಿರಾಟವನ್ನು ನಿಯಂತ್ರಿಸುವ ಮೆದುಳಿನ ಭಾಗ ಪೂರ್ತಿ ಬಲಿತಿರುವುದಿಲ್ಲ. ಹಾಗಾಗಿ ಕೆಲವು ಶಿಶುಗಳ ಉಸಿರು 20 ಸೆಕೆಂಡಿಗೂ ಹೆಚ್ಚು ಹೊತ್ತು ನಿಂತುಬಿಡುತ್ತದೆ. ಇದಕ್ಕೆ ಅಪ್ನಿಯಾ ಎನ್ನುತ್ತಾರೆ.

1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅನ್ನೆಲೀಸ್ ಕಾರ್ನರ್ ತಂಡ ಇಂಥ ಶಿಶುಗಳನ್ನು ಮೆಲ್ಲಗೆ ಅಲುಗುವ ನೀರಿನ ಹಾಸಿಗೆಯ ಮೇಲೆ ಮಲಗಿಸಿತು. ಅಪ್ನಿಯಾ ಕಡಿಮೆಯಾಗಿದ್ದು ಕಂಡುಬಂತು. ಆದರೆ ಅವು ಚಿಕ್ಕ ಅಧ್ಯಯನಗಳು. ಮುಂದಿನ ಪ್ರಯೋಗಗಳನ್ನೂ ಸೇರಿಸಿ ಪರಿಶೀಲಿಸಿದಾಗ, ತೂಗುವುದರಿಂದ ಅಪ್ನಿಯಾ ತಡೆಯಬಹುದು ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಇಂದು ವೈದ್ಯರು ನೆಚ್ಚಿಕೊಂಡಿರುವುದು ಕೆಫೀನ್ ಔಷಧಿ ಮತ್ತು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರವನ್ನು.

ಹಾಗಾದರೆ ಮನೆಯವರು ಏನು ಮಾಡಬಹುದು? ಮಗುವನ್ನು ಬರಿ ಎದೆಗೆ ಒರಗಿಸಿಕೊಳ್ಳುವ ಕಾಂಗರೂ ಆರೈಕೆಗೆ ಗಟ್ಟಿ ಪುರಾವೆಯಿದೆ. ಅವಧಿಪೂರ್ವ ಶಿಶುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಅಮ್ಮನಿಗೆ ಆಗದಿದ್ದರೆ ಅಪ್ಪನೂ ಮಾಡಬಹುದು.

ಮೊದಲ ಕೆಲವು ದಿನ ಈ ಶಿಶುಗಳ ಮೆದುಳಿನ ರಕ್ತನಾಳಗಳು ಬಹಳ ನಾಜೂಕು. ಆದ್ದರಿಂದ ವೈದ್ಯರನ್ನು ಕೇಳದೆ ತೂಗುವುದು ಬೇಡ. ಮಾನಿಟರ್ ಸದ್ದು ಮಾಡಿದರೆ ಮೊದಲು ನರ್ಸನ್ನು ಕರೆಯಿರಿ.