ಕಾಂಡ್ಲಾ ನೆಡುವ ಮೊದಲು ನೀರಿಗೆ ದಾರಿ ಬಿಡಿ

ಕುಮಟಾ ಕಡೆಯ ಗಜನಿಗಳಿಗೆ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಿಗೆ, ಹಿಂದಿನಿಂದಲೂ ಎರಡು ಕಾವಲು. ಒಂದು, ಊರವರು ಸೇರಿ ಕಟ್ಟಿದ ಮಣ್ಣಿನ ಕಟ್ಟೆ. ಇನ್ನೊಂದು, ಅದರ ಹೊರಮೈಗೆ ತಾನಾಗಿ ಬೆಳೆದ ಕಾಂಡ್ಲಾ (ಮ್ಯಾಂಗ್ರೋವ್) ಸಾಲು. ಅಘನಾಶಿನಿ ಅಳಿವೆಯಲ್ಲಿ ದಿನಕ್ಕೆರಡು ಸಲ ಏರುವ ಭರತದ ಹೊಡೆತ ಮೊದಲು ಬೀಳುವುದು ಈ ಗಿಡಗಳ ಮೇಲೆ. ಬೇರುಗಳ ನಡುವೆ ನೀರಿನ ಓಟ ತಗ್ಗುತ್ತದೆ, ಹೂಳು ತಂಗುತ್ತದೆ, ಕಟ್ಟೆಯ ಬುಡ ಗಟ್ಟಿಯಾಗುತ್ತದೆ. ಸಿಗಡಿ, ಏಡಿ, ಮೀನುಮರಿಗಳಿಗೂ ಅದೇ ಆಸರೆ. ಉಪ್ಪು ಸಹಿಸುವ ಕಗ್ಗ ಭತ್ತ ಇಲ್ಲಿ ಬೆಳೆದುಬಂದದ್ದು ಈ ಮರೆಯಲ್ಲಿ.

1970ರ ದಶಕದಲ್ಲಿ ಸರ್ಕಾರದ ಪಕ್ಕಾ ಕಟ್ಟೆಗಳು ಬಂದವು. ಒಟ್ಟಾಗಿ ಕಟ್ಟೆ ರಿಪೇರಿ ಮಾಡುವ, ಭರತ ನೋಡಿಕೊಂಡು ಜಂತ್ರಡಿಯ, ಅಂದರೆ ಕಟ್ಟೆಯ ತೂಬಿನ, ಹಲಗೆ ಏರಿಸಿ ಇಳಿಸುವ ರೂಢಿ ಸಡಿಲವಾಯಿತು. ಆಮೇಲೆ ಸಿಗಡಿ ಕೃಷಿಯ ಆಸೆ. ರೋಗ ಬಂದು ಅದೂ ಕೈಕೊಟ್ಟಿತು. ಎಷ್ಟೋ ಗಜನಿಗಳು ಬೀಳು ಬಿದ್ದವು.

2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಪ್ರಕಟಣೆ ಬಂತು. ಕಾಂಡ್ಲಾ ನೆಡುವ ಕೆಲಸವಂತೂ ಅದಕ್ಕೂ ಮೊದಲಿನಿಂದ ನಡೆದಿದೆ. ನೆಡುವುದು ತೀರಾ ಸುಲಭ: ಊರುಬೇರಿನ ಜಾತಿಗಳ ಬೀಜ ಮರದಲ್ಲೇ ಮೊಳೆತು ಉದ್ದನೆಯ ಕೋಡಾಗಿ ಜೋತಿರುತ್ತದೆ, ಕಿತ್ತು ಕೆಸರಿಗೆ ಚುಚ್ಚಿದರಾಯಿತು. ಸಾಲಾಗಿ ನಿಂತು ಚುಚ್ಚಿದರೆ ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಎಡವಟ್ಟಾಗುವುದು ಈ ಸುಲಭದಿಂದಲೇ. ತಕರಾರಿಲ್ಲದೆ ಸಿಗುವ ಜಾಗವೆಂದರೆ ಇಳಿತದಲ್ಲಿ ಮಾತ್ರ ತೆರೆದುಕೊಳ್ಳುವ ಕೆಸರುಬಯಲು. ಅಲ್ಲಿ ಸಸಿ ತುಂಬಾ ಹೊತ್ತು ನೀರಿನಡಿ ಮುಳುಗಿರುತ್ತದೆ, ಬಹುಪಾಲು ಸಾಯುತ್ತದೆ. ಬದುಕಿತೆಂದರೂ ಪೇಚು: ಚಿಪ್ಪಿ ಆರಿಸಿ ಸಂಸಾರ ತೂಗಿಸುವವರ ನೆಲ ಅದು. ಸುನಾಮಿಯ ನಂತರ ಶ್ರೀಲಂಕಾದಲ್ಲಿ ಹೀಗೆ ನೆಟ್ಟ 23 ಕಡೆಗಳನ್ನು ಸಂಶೋಧಕರು ನೋಡಿಬಂದರು. 9 ಕಡೆ ಒಂದು ಗಿಡವೂ ಉಳಿದಿರಲಿಲ್ಲ.

ನಾಡಗಿಡವಾದರಷ್ಟೇ ಸಾಲದು, ನೆಡುವ ಜಾಗವೂ ಅದು ಸಹಜವಾಗಿ ಬೆಳೆಯುವಂಥದ್ದೇ ಆಗಿರಬೇಕು. ಊರುಬೇರಿನ ಕಾಂಡ್ಲಾ ತೊರೆಯಂಚಿಗೆ ಒಗ್ಗುತ್ತದೆ. ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುವ, ಎಲೆಯಿಂದ ಉಪ್ಪು ಹೊರಹಾಕುವ ಅವಿಸೀನಿಯಾ ಕಡುಉಪ್ಪನ್ನೂ ತಾಳುತ್ತದೆ. ಸಿಹಿನೀರು ಬೆರೆಯುವ ಮೇಲ್ಭಾಗದಲ್ಲಿ ಬೇರೆಯವೇ ಗಿಡಗಳು. ಒಂದೇ ಜಾತಿಯ ಸಾಲುನೆಡುತೋಪನ್ನು ಕಾಡು ಎನ್ನಲು ನನಗಂತೂ ಮನಸ್ಸಿಲ್ಲ.

ಫ್ಲಾರಿಡಾದ ಕಾಂಡ್ಲಾ ಪುನಶ್ಚೇತನ ತಜ್ಞ ರಾಬಿನ್ ಲೂಯಿಸ್ ದಶಕಗಳ ಕಾಲ ಹೇಳಿದ್ದು ಇದನ್ನೇ: ಭರತದ ನೀರು ಮೊದಲಿನ ಹಾಗೆ ಬಂದುಹೋಗುವಂತೆ ಮಾಡಿ, ಹತ್ತಿರ ತಾಯಿಮರಗಳಿದ್ದರೆ ಬೀಜ ತಾನೇ ತೇಲಿಬರುತ್ತದೆ, ಬಾರದಿದ್ದಾಗ ಮಾತ್ರ ನೆಡಿ. ಅಘನಾಶಿನಿಗೆ ಅಣೆಕಟ್ಟಿಲ್ಲ, ತಾಯಿಮರಗಳೂ ಉಳಿದಿವೆ. ಹೀಗಿರುವಾಗ ನರ್ಸರಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟು ಜಂತ್ರಡಿ ಸರಿಪಡಿಸಲು, ಮುಚ್ಚಿದ ಕಾಲುವೆ ಬಿಡಿಸಲು ಹೋಗಬಾರದೇಕೆ?

ಕಾನೂನಿನ ಕಥೆ ಇನ್ನೊಂದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಪ್ರಕಾರ 1,000 ಚದರ ಮೀಟರ್ ಮೀರಿದ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಬಫರ್ ಬಿಡಬೇಕು. ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಅದು ಅನ್ವಯಿಸುವುದಿಲ್ಲ. ಗಜನಿಗಳಿಗಾದರೋ ಪಹಣಿ ಇದೆ, ಹಿಡುವಳಿದಾರರಿದ್ದಾರೆ. ಗದ್ದೆಯೊಳಗೆ ಕಾಂಡ್ಲಾ ನುಗ್ಗಿದರೆ ಭತ್ತಕ್ಕೆ ಜಾಗವಿಲ್ಲ ಎಂಬ ಅವರ ಅಂಜಿಕೆ ಸುಳ್ಳಲ್ಲ. ಕಟ್ಟೆಯ ಹೊರಮೈ ಗಿಡಕ್ಕೆ, ಒಳಮೈ ಕಗ್ಗಕ್ಕೆ ಎಂದು ಅವರ ಜೊತೆ ಕೂತು ಮೊದಲು ಮಾತಾಡಿಕೊಳ್ಳಬೇಕು. ಆ ಮಾತು ಮಳೆಗಾಲದ ಬಿತ್ತನೆಗೆ ಮುಂಚೆ, ಜಂತ್ರಡಿಯ ಖರ್ಚು ಯಾರದೆಂಬುದೂ ಸೇರಿ, ಆಗಿಬಿಟ್ಟರೆ ಒಳ್ಳೆಯದು.